ಬಾಣಂತಿ ಇದ್ದಾಳೆ, ಫ್ಯಾನ್ ಹಾಕಬೇಡಿ

ಶಿವಮೊಗ್ಗದ ಏಪ್ರಿಲ್ ಸೆಕೆ ಗೊತ್ತಲ್ಲ? ಮಲೆನಾಡು ಅಂತ ಹೆಸರು ಮಾತ್ರ. ಮಧ್ಯಾಹ್ನ ಬರೀ ನೆಲದ ಮೇಲೆ ಮಲಗಿದರೂ ಬೆನ್ನು ಅಂಟುತ್ತದೆ. ಇಂಥ ಹೊತ್ತಲ್ಲೇ ನಮ್ಮ ನಡುಮನೆಯ ಫ್ಯಾನು ನಿಂತಿತು. ಕೆಟ್ಟಿರಲಿಲ್ಲ. ಮೇಲಿನ ಬಟ್ಟಲಲ್ಲಿ ಗುಬ್ಬಿ ಗೂಡು ಕಟ್ಟಿತ್ತು.

ಅದಕ್ಕೆ ಬೇರೆ ಜಾಗ ಇರಲಿಲ್ಲ ಅಂತಲ್ಲ. ಮಾರ್ಚ್ 20ಕ್ಕೆ, ವಿಶ್ವ ಗುಬ್ಬಚ್ಚಿ ದಿನ ಅಂತ, ಮಗಳು ಮರದ ಗೂಡು ತರಿಸಿದ್ದಳು. 32 ಮಿಲಿಮೀಟರ್ ಬಾಗಿಲು. ಗುಬ್ಬಿ ನುಗ್ಗಬಹುದು, ಮೈನಾ ನುಗ್ಗುವಂತಿಲ್ಲ. ಗಂಡುಗುಬ್ಬಿ ಬಂತು. ಕತ್ತಿಗೆ ಕಪ್ಪು ಕರವಸ್ತ್ರ ಕಟ್ಟಿಕೊಂಡ ಹಾಗಿತ್ತು. ಒಳಗೆ ಇಣುಕಿತು, ಮೇಲೆ ಕೂತು ಹಿಕ್ಕೆ ಹಾಕಿತು, ಸೀದಾ ನಡುಮನೆಗೆ ಹಾರಿತು. ಆ ಗೂಡಿನಲ್ಲೀಗ ಇರುವೆಗಳಿವೆ.

ಹೆಂಚಿನ ಮನೆಯಾಗಿದ್ದರೆ ಸಂದಿಗೊಂದಿ ಬೇಕಾದಷ್ಟು ಸಿಗುತ್ತಿತ್ತು. ನಮ್ಮ ಆರ್‌ಸಿಸಿ ಮನೆಯಲ್ಲಿ ಬಿಟ್ಟಿದ್ದೇ ಇದೊಂದು ಸಂದಿ. ಕಟ್ಟುವ ಕೆಲಸದಲ್ಲಂತೂ ಗುಬ್ಬಿಗೆ ಅಚ್ಚುಕಟ್ಟು ಅನ್ನೋದೇ ಇಲ್ಲ. ಒಣಹುಲ್ಲು, ಪೊರಕೆ ಕಡ್ಡಿ, ತೆಂಗಿನ ನಾರು, ಅತ್ತೆ ಹೊಸೆದಿಟ್ಟ ಹೂಬತ್ತಿ. ತಂದದ್ದರಲ್ಲಿ ಅರ್ಧ ಬಟ್ಟಲಿಗೆ, ಇನ್ನರ್ಧ ನಮ್ಮ ಉಪ್ಪಿಟ್ಟಿಗೆ.

“ಮೊಟ್ಟೆ ಇಡೋ ಮೊದಲೇ ತೆಗೆದುಬಿಡೋಣ” ಅಂದರು ನಮ್ಮನೆಯವರು. ಅತ್ತೆ ಅವರನ್ನು ನೋಡಿದ ರೀತಿಗೆ ಆ ಮಾತು ಅಲ್ಲಿಗೇ ನಿಂತಿತು. ಮೊಟ್ಟೆ ಇಟ್ಟ ದಿನ ಅತ್ತೆ ಸ್ವಿಚ್ಚಿನ ಮೇಲೆ ಪ್ಲಾಸ್ಟರ್ ಅಂಟಿಸಿ, ಮೊಮ್ಮಗಳ ಕೈಯಲ್ಲಿ ಬರೆಸಿದರು: “ಬಾಣಂತಿ ಇದ್ದಾಳೆ, ಫ್ಯಾನ್ ಹಾಕಬೇಡಿ.”

ಕಾವಿಗೆ 11ರಿಂದ 14 ದಿನ. ಮರಿ ಹಾರಲು ಮತ್ತೆರಡು ವಾರ. ಹೇಗೋ ಒಂದು ತಿಂಗಳು ತಳ್ಳಬಹುದು ಅಂದುಕೊಂಡೆವು. ಗುಬ್ಬಿ ವರ್ಷಕ್ಕೆ ಎರಡು ಮೂರು ಸಲ ಮರಿ ಮಾಡುತ್ತದೆ ಅಂತ ಮಗಳು ಓದಿ ಹೇಳಿದಳು. ನಮ್ಮನೆಯವರು ಮಾತಾಡದೆ ಎದ್ದು, ಟೇಬಲ್ ಫ್ಯಾನ್ ತರಲು ದುರ್ಗಿಗುಡಿಗೆ ಹೊರಟರು.

ದೊಡ್ಡ ಗುಬ್ಬಿಗಳು ಕಾಳು ತಿಂದು ಬದುಕುತ್ತವೆ. ಮರಿಗಳಿಗೆ ಮಾತ್ರ ಹುಳವೇ ಆಗಬೇಕು. ಹೀಗೆ ಹುಳದ ಸರಬರಾಜು ಜೋರಾಗಿದ್ದಾಗಲೇ ತೀರ್ಥಹಳ್ಳಿಯಿಂದ ಅತ್ತೆಯ ತಮ್ಮ ಬಂದರು. ಬಂದವರೇ ಫ್ಯಾನಿನ ಕೆಳಗೇ ಕೂತರು. ಕಾಫಿ ಕೊಟ್ಟೆ. ಬೆವರು ಒರೆಸಿಕೊಳ್ಳುತ್ತಾ ಸ್ವಿಚ್ಚಿನ ಹತ್ತಿರ ಹೋದವರು ಓದಿ, ಗಕ್ಕನೆ ನಿಂತರು. ನನ್ನನ್ನೊಮ್ಮೆ ನೋಡಿದರು. ಹತ್ತನೇ ಕ್ಲಾಸಿನ ಮಗಳನ್ನೂ ನೋಡಿದರು, ಪಾಪ. ವಾಪಸ್ ಬಂದು ಕೂತು ದನಿ ತಗ್ಗಿಸಿದರು.

“ಯಾರಿಗೇ ಅಕ್ಕಾ? ನಂಗೆ ಹೇಳ್ಲೇ ಇಲ್ವಲ್ಲೇ ಮಾರಾಯ್ತಿ!”

ಅತ್ತೆ ಬೆರಳನ್ನು ಮೇಲಕ್ಕೆ ತೋರಿಸಿದರು.

“ಓ, ಮಹಡಿ ಮೇಲಿನವರಿಗಾ? ಗಂಡೋ ಹೆಣ್ಣೋ?”

ಉತ್ತರ ಮೇಲಿಂದಲೇ ಬಂತು. ಹಸಿರಾಗಿತ್ತು, ಇನ್ನೂ ಮಿಸುಕಾಡುತ್ತಿತ್ತು, ಸೀದಾ ಕಾಫಿ ಲೋಟಕ್ಕೇ ಬಿತ್ತು.