ಗುಲಾಬಿ ದೀಪದ ಕೆಳಗೆ

ಅಕ್ಟೋಬರ್ ಬಂತೆಂದರೆ ದೊಡ್ಡ ದೊಡ್ಡ ಕಟ್ಟಡಗಳ ಮೇಲೆ ಗುಲಾಬಿ ದೀಪ ಬೀಳುತ್ತದೆ. ಸ್ತನ ಕ್ಯಾನ್ಸರ್ ಜಾಗೃತಿ ಮಾಸ. ಕಟ್ಟಡಕ್ಕೆ ಜಾಗೃತಿ ಮೂಡಿಸುವುದು ಸುಲಭ ಅಲ್ವಾ? ಅದು ಕೂಲಿ ಬಿಟ್ಟು ಬರಬೇಕಿಲ್ಲ, ಅತ್ತೆಯನ್ನು ಕೇಳಬೇಕಿಲ್ಲ.

ತಾಲ್ಲೂಕಿನ ತಪಾಸಣಾ ಶಿಬಿರವೂ ಅಚ್ಚುಕಟ್ಟು. ವೇದಿಕೆ ತುಂಬಾ ಗಂಡಸರು. ಅಲ್ಲಿರುವ ಒಬ್ಬಳೇ ಹೆಂಗಸು ಎಂದರೆ ಕತ್ತರಿ ಇಟ್ಟ ತಟ್ಟೆ ಹಿಡಿದ ನರ್ಸಮ್ಮ. ತಪಾಸಣೆ ಮಾಡಬೇಕಾದವರೂ ಅವರೇ. ಮುಖ್ಯ ಅತಿಥಿ ಬಂದು, ದೀಪ ಹಚ್ಚಿ, ಭಾಷಣ ಮುಗಿಸುವ ಹೊತ್ತಿಗೆ ಬಂದಿದ್ದ ಹೆಂಗಸರು ಶಕ್ತಿ ಬಸ್ ಹತ್ತಿ ವಾಪಸ್. ಪರವಾಗಿಲ್ಲ, ಫೋಟೋ ಚೆನ್ನಾಗಿ ಬಂದಿರುತ್ತದೆ.

30ರಿಂದ 65 ವಯಸ್ಸಿನ ಹೆಂಗಸರಿಗೆಲ್ಲ ಸ್ತನ ತಪಾಸಣೆ ಆಗಬೇಕು ಅಂತ ಕೇಂದ್ರದ ಮಾರ್ಗಸೂಚಿ ಬಂದಿದ್ದು 2016ರಲ್ಲಿ. ಆಮೇಲೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು 30ರಿಂದ 49 ವಯಸ್ಸಿನವರನ್ನು ಕೇಳಿದರು: ಯಾವತ್ತಾದರೂ ಮಾಡಿಸಿದ್ದೀರಾ? ಹೌದು ಅಂದವರು ನೂರಕ್ಕೆ 0.9. ಇಡೀ ದೇಶ ಹುಡುಕಿದರೂ ನೂರರಲ್ಲಿ ಒಬ್ಬಳು ಪೂರ್ತಿ ಸಿಗಲಿಲ್ಲ. ಕಾಯಿಲೆ ಮಾತ್ರ ಗುರಿ ಮೀರಿ ಕೆಲಸ ಮಾಡಿದೆ. 2022ರ ಅಂದಾಜಿನಂತೆ ದೇಶದಲ್ಲಿ 1.92 ಲಕ್ಷ ಹೊಸ ಪ್ರಕರಣ, 98 ಸಾವಿರ ಸಾವು.

‘ಏನ್ ಮಾಡೋದು ಸ್ವಾಮಿ, ಸ್ತನದ ಎಕ್ಸ್‌ರೇ ತೆಗೆಯುವ ಮ್ಯಾಮೊಗ್ರಾಮ್ ಯಂತ್ರ ದುಬಾರಿ’ ಅನ್ನುವ ಸಾಹೇಬರಿದ್ದಾರೆ. ಮಾರ್ಗಸೂಚಿ ಮೊದಲು ಕೇಳಿದ್ದು ಯಂತ್ರವನ್ನಲ್ಲ, ಕೈಯನ್ನು. ತರಬೇತಿ ಪಡೆದವರು ಮುಟ್ಟಿ ನೋಡಿ ಗಂಟು ಹುಡುಕುವ ಪರೀಕ್ಷೆ ಅದು. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯವರು ಒಂದೂವರೆ ಲಕ್ಷ ಹೆಂಗಸರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಎರಡು ವರ್ಷಕ್ಕೊಮ್ಮೆ ಇದೇ ಪರೀಕ್ಷೆ ಮಾಡಿಸಿ, 20 ವರ್ಷ ಲೆಕ್ಕ ಇಟ್ಟರು. ಪರೀಕ್ಷೆ ಮಾಡಿದ್ದು ಡಾಕ್ಟರುಗಳಲ್ಲ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು. 50 ದಾಟಿದವರಲ್ಲಿ ಈ ಕ್ಯಾನ್ಸರಿನ ಸಾವು ಸುಮಾರು ಶೇ 30 ಇಳಿಯಿತು.

ನಮ್ಮಲ್ಲೂ ಕೈಗಳಿಗೆ ಬರವಿಲ್ಲ. ಆದರೆ ನರ್ಸಮ್ಮನ ಎರಡೂ ಕೈಯಲ್ಲಿ ಟ್ಯಾಬ್ ಇದೆ.

ಅದಕ್ಕೆ ಹಸಿವು ಜಾಸ್ತಿ. ಹೆಸರು, ಆಧಾರ್, ಆಭಾ ಅನ್ನುವ ಆರೋಗ್ಯ ಖಾತೆಯ ನಂಬರ್. ಒಟಿಪಿ ಹೋಗುವುದು ತಪಾಸಣೆಗೆ ಬಂದಾಕೆಯ ಗಂಡನ ಫೋನಿಗೆ. ಆತ ಪುಣೆ ರಸ್ತೆಯಲ್ಲಿ ಲಾರಿ ಓಡಿಸುತ್ತಿದ್ದಾನೆ. ‘ಒಟಿಪಿ ಯಾರ್ಗೂ ಹೇಳ್ಬಾರ್ದು ಅಂತ ಬ್ಯಾಂಕಿನವ್ರು ಹೇಳವ್ರೆ, ಇಡು ಫೋನು’ ಅಂತಾನೆ. ಪಾಪ, ಅವನದೂ ತಪ್ಪಲ್ಲ. ಸರ್ಕಾರವೇ ಕಲಿಸಿದ ಪಾಠ.

ಒಟಿಪಿ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ಇನ್ನು ಪರೀಕ್ಷೆ ಎಲ್ಲಿ ಮಾಡುವುದು? ಊರಿನ ಆರೋಗ್ಯ ಕೇಂದ್ರದಲ್ಲಿ. 2023ರಲ್ಲಿ ಇಂಥ ಕೇಂದ್ರಗಳ ಬೋರ್ಡಿಗೆ ‘ಆಯುಷ್ಮಾನ್ ಆರೋಗ್ಯ ಮಂದಿರ’ ಅಂತ ಹೊಸ ಹೆಸರು ಬಂತು. ಗುಡಿಯಲ್ಲಿ ದೇವರ ಅಲಂಕಾರಕ್ಕೂ ಪರದೆ ಎಳೆಯುತ್ತಾರೆ. ಈ ಮಂದಿರದ ಕಿಟಕಿಗೆ ಪರದೆಯೇ ಇಲ್ಲ.

ಹಾಗಾಗಿ ನರ್ಸಮ್ಮ ಸೀರೆ ಸೆರಗಿನ ಆಚೆಯಿಂದಲೇ ಕೇಳುತ್ತಾರೆ.

‘ಅಕ್ಕ, ಎದೇಲಿ ಗಂಟೇನಾದ್ರೂ ಇದ್ಯಾ?’

‘ಇಲ್ಲ ಮೇಡಂ.’

ಟಿಕ್. ತಪಾಸಣೆ ಮುಗಿಯಿತು, ಜಿಲ್ಲೆ ಗುರಿ ಮುಟ್ಟಿತು. ನೋವಿಲ್ಲದ ಗಂಟು ಇದ್ದರೂ ಎಷ್ಟೋ ದಿನ ಗೊತ್ತಾಗುವುದಿಲ್ಲ. ಅದನ್ನು ಹುಡುಕಿಸಲೆಂದೇ ಆ ಹೆಂಗಸು ಬಂದಿದ್ದಳು ಅನ್ನುವುದು ಟ್ಯಾಬಿನ ಯಾವ ಕಾಲಂನಲ್ಲೂ ಇಲ್ಲ.

ಮಾರ್ಗಸೂಚಿಯಂತೆ ಆಕೆಯ ಮುಂದಿನ ಸರದಿ ಐದು ವರ್ಷಕ್ಕೆ. ಅಲ್ಲಿಯವರೆಗೆ ಬೆಳೆಯಕೂಡದು ಅಂತ ಗಂಟಿಗೂ ಒಂದು ಸುತ್ತೋಲೆ ಕಳಿಸಿ, ಸ್ವೀಕೃತಿ ಪಡೆದು, ಫೈಲಿಗೆ ಹಾಕಿಟ್ಟರೆ ಒಳ್ಳೆಯದು.