ಎಲ್ಲ ತಪ್ಪೂ ಕೀ ಗೊಂಚಲಿನದೇ

ಜಗತ್ತಿನ ಅತಿ ದೊಡ್ಡ ಕಾರು ಕಂಪನಿಗಳಲ್ಲೊಂದಾದ ಜನರಲ್ ಮೋಟಾರ್ಸ್ (ಜಿಎಂ) 2005ರ ಡಿಸೆಂಬರಿನಲ್ಲಿ ಅಮೆರಿಕದ ತನ್ನ ಡೀಲರುಗಳಿಗೆ ಒಂದು ತಾಂತ್ರಿಕ ಸುತ್ತೋಲೆ ಕಳುಹಿಸಿತು. ಓಡುತ್ತಿರುವ ಷೆವ್ರೊಲೆ ಕೋಬಾಲ್ಟ್ ಕಾರು ಇದ್ದಕ್ಕಿದ್ದಂತೆ ಆಫ್ ಆಗುತ್ತದೆ ಎಂಬ ಗ್ರಾಹಕರ ದೂರಿಗೆ ಅದು ಉತ್ತರವಾಗಿತ್ತು. ಕೀ ತಿರುಗಲು ಬೇಕಾದ ಬಲ ಕಡಿಮೆಯಿದೆ ಎಂಬುದನ್ನು ಮೆಲುದನಿಯಲ್ಲಿ ಒಪ್ಪಿಕೊಂಡ ಆ ಸುತ್ತೋಲೆ, ಚಾಲಕರು ಕುಳ್ಳಗಿದ್ದು ಅವರ ಕೀ ಗೊಂಚಲು ದೊಡ್ಡದಾಗಿ ಅಥವಾ ಭಾರವಾಗಿದ್ದರೆ ಹೀಗಾಗುವ ಸಂಭವ ಹೆಚ್ಚು ಎಂದು ವಿವರಿಸಿ, ಗೊಂಚಲಿನಲ್ಲಿರುವ ಅನಗತ್ಯ ವಸ್ತುಗಳನ್ನು ತೆಗೆದುಹಾಕುವಂತೆ ಗ್ರಾಹಕರಿಗೆ ತಿಳಿಹೇಳಲು ಸೂಚಿಸಿತ್ತು. ಎತ್ತರ ಹೆಚ್ಚಿಸಿಕೊಳ್ಳುವ ಬಗೆಯನ್ನು ಮಾತ್ರ ಅದು ತಿಳಿಸಿರಲಿಲ್ಲ. ಬಹುಶಃ ಅದು ವಾರಂಟಿಯ ವ್ಯಾಪ್ತಿಗೆ ಬರುತ್ತಿರಲಿಲ್ಲ.

ಕುಳ್ಳರ ಅಪರಾಧವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅವರು ಪೆಡಲ್ ಎಟುಕಲೆಂದು ಸೀಟನ್ನು ಮುಂದಕ್ಕೆ ಎಳೆದುಕೊಳ್ಳುತ್ತಾರೆ, ಆಗ ಮೊಣಕಾಲು ಕೀಗೆ ತಾಗುತ್ತದೆ. ತಾಗಿದೊಡನೆ, ಅಥವಾ ರಸ್ತೆಯ ಒಂದು ಕುಲುಕಿಗೆ, ಕೀ ತನ್ನ ಜಾಗದಿಂದ ಜಾರಿ ಎಂಜಿನ್ ನಿಂತುಹೋಗುತ್ತದೆ. ಅದರೊಂದಿಗೆ ಪವರ್ ಸ್ಟೀರಿಂಗ್ ಹೋಗುತ್ತದೆ, ಬ್ರೇಕಿಗಿರುವ ನೆರವು ಹೋಗುತ್ತದೆ, ಮುಂದೆ ಕಾರು ಮರಕ್ಕೆ ಗುದ್ದಿದಾಗ ಬಿಚ್ಚಿಕೊಳ್ಳಬೇಕಾದ ಏರ್‌ಬ್ಯಾಗ್ ಕೂಡ ಹೋಗುತ್ತದೆ. ಇಷ್ಟಕ್ಕೆಲ್ಲ ಕಾರಣ ಇಗ್ನಿಷನ್ ಸ್ವಿಚ್ಚಿನೊಳಗೆ ಕೀಯನ್ನು ಸ್ಥಾನದಲ್ಲಿ ಹಿಡಿದಿಡಬೇಕಾದ ಒಂದು ಪುಟ್ಟ ಸ್ಪ್ರಿಂಗು ಮತ್ತು ಅದರ ಮುಂದಿನ ಗೂಟ. ಕಂಪನಿ ತಾನೇ ಬರೆದುಕೊಂಡಿದ್ದ ಅಳತೆಗಿಂತ ಆ ಸ್ಪ್ರಿಂಗಿನ ಬಿಗಿ ಕಡಿಮೆಯಿದೆ ಎಂದು ಗೊತ್ತಿದ್ದೂ 2002ರಲ್ಲಿ ಸ್ವಿಚ್ಚಿಗೆ ಒಪ್ಪಿಗೆ ನೀಡಲಾಗಿತ್ತು. ಸರಿಪಡಿಸಲು ಬೇಕಾದ ಬಿಡಿಭಾಗದ ಬೆಲೆ 57 ಸೆಂಟ್ ಎಂಬ ಲೆಕ್ಕ ಮುಂದೆ ಅಮೆರಿಕದ ಸಂಸತ್ತಿನ ವಿಚಾರಣೆಯಲ್ಲಿ ಹೊರಬಿತ್ತು. ಒಂದು ಡಾಲರ್ ಕೊಟ್ಟರೆ ಚಿಲ್ಲರೆ ವಾಪಸು ಬರುವಷ್ಟು ಅಗ್ಗ. ಆದರೂ 2005ರ ಮಾರ್ಚಿನಲ್ಲಿ, ಅಚ್ಚುಗಳ ವೆಚ್ಚವೂ ಬಿಡಿಭಾಗದ ಬೆಲೆಯೂ ತೀರಾ ಹೆಚ್ಚಾಗುತ್ತದೆಂಬ ಷರಾ ಬರೆದು ದುರಸ್ತಿಯ ಕಡತವನ್ನು ಮುಚ್ಚಲಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದಕ್ಕೆ ಖರ್ಚು ಕಡಿಮೆ. ಗ್ರಾಹಕರ ಗೊಂಚಲನ್ನು ಹಗುರ ಮಾಡಿಸುವುದಕ್ಕಂತೂ ಖರ್ಚೇ ಇಲ್ಲ.

ಹೆದ್ದಾರಿಯಲ್ಲಿ ಎಂಜಿನ್ ನಿಲ್ಲುವುದು ಸುರಕ್ಷತೆಯ ಪ್ರಶ್ನೆಯೇ ಅಲ್ಲ, ಅದು ಗ್ರಾಹಕರ ಅನುಕೂಲಕ್ಕೆ ಸಂಬಂಧಿಸಿದ್ದು ಎಂಬ ವರ್ಗೀಕರಣ ಈ ಇಡೀ ಪ್ರಸಂಗದ ಮುಕುಟಮಣಿ. ಸೀಟಿನ ಬಟ್ಟೆ ಒರಟಾಗಿದೆ ಎಂಬ ದೂರೂ ಪ್ರಾಣ ಹೋಗುತ್ತದೆ ಎಂಬ ದೂರೂ ಒಂದೇ ಪಂಕ್ತಿಯಲ್ಲಿ ಕುಳಿತ ಮೇಲೆ ಯಾರಿಗೂ ಅವಸರ ಉಳಿಯಲಿಲ್ಲ. ಎಂಜಿನ್ ನಿಂತರೂ ಕಾರು ಚಾಲಕರ ನಿಯಂತ್ರಣದಲ್ಲೇ ಇರುತ್ತದೆ, ನ್ಯೂಟ್ರಲ್‌ಗೆ ಹಾಕಿ ಮತ್ತೆ ಚಾಲೂ ಮಾಡಬಹುದು ಎಂದು ಕಂಪನಿಯ ವಕ್ತಾರರು ಪತ್ರಕರ್ತರಿಗೆ ಸಮಾಧಾನ ಹೇಳಿದರು. 2008ರ ಹೊತ್ತಿಗೆ ಎಂಜಿನಿಯರುಗಳಿಗೆ ವರದಿ ಬರೆಯುವ ಪಾಠವೂ ಆಯಿತು. ದೋಷವೆಂದು ಬರೆಯಬಾರದು, ವಿನ್ಯಾಸದಂತೆ ಕಾರ್ಯನಿರ್ವಹಿಸುತ್ತಿಲ್ಲ ಎನ್ನಬೇಕು. ನಮ್ಮ ಸರ್ಕಾರಿ ಕಚೇರಿಗಳ ಟಿಪ್ಪಣಿಕಾರರು ಇದನ್ನು ಓದಿದ್ದರೆ ಶಿಷ್ಯರನ್ನು ಕಂಡ ಹೆಮ್ಮೆಯಿಂದ ಬೀಗುತ್ತಿದ್ದರು.

ಕಂಪನಿಯೇ ನೇಮಿಸಿದ ವಕೀಲ ಆ್ಯಂಟನ್ ವಲುಕಾಸ್ 2014ರಲ್ಲಿ ಸಲ್ಲಿಸಿದ ವರದಿಯಲ್ಲಿ ಎರಡು ಆಂಗಿಕ ಮುದ್ರೆಗಳ ವರ್ಣನೆಯಿದೆ. ಎರಡೂ ತೋಳುಗಳನ್ನು ಎದೆಯ ಮೇಲೆ ಕತ್ತರಿಯಾಗಿ ಇಟ್ಟುಕೊಂಡು ಬೆರಳುಗಳನ್ನು ಅಕ್ಕಪಕ್ಕದವರತ್ತ ತೋರಿಸುವುದು ಜಿಎಂ ಸಲ್ಯೂಟ್: ಹೊಣೆ ನನ್ನದಲ್ಲ, ಅವರದು. ಸಭೆಯಲ್ಲಿ ಎಲ್ಲರೂ ಒಂದು ತೀರ್ಮಾನಕ್ಕೆ ತಲೆಯಾಡಿಸಿ, ಅದನ್ನು ಪಾಲಿಸುವ ಯಾವ ಉದ್ದೇಶವೂ ಇಲ್ಲದೆ ಕೋಣೆಯಿಂದ ಹೊರನಡೆಯುವುದು ಜಿಎಂ ನಾಡ್. ಸ್ಪ್ರಿಂಗಿನಲ್ಲಿ ಇಲ್ಲದ ಬಿಗಿ ಈ ಶಿಸ್ತಿನಲ್ಲಿತ್ತು. ಇದರ ನಡುವೆ 2006ರಲ್ಲಿ ಸ್ವಿಚ್ಚನ್ನು ಸದ್ದಿಲ್ಲದೆ ಬದಲಾಯಿಸಿ, ಬಿಡಿಭಾಗದ ಸಂಖ್ಯೆಯನ್ನು ಮಾತ್ರ ಹಳೆಯದನ್ನೇ ಉಳಿಸಿಕೊಂಡದ್ದರಿಂದ, ಹಳೆಯ ಕಾರುಗಳು ಕೊಲ್ಲುತ್ತಿವೆ ಹೊಸವು ಕೊಲ್ಲುತ್ತಿಲ್ಲ ಏಕೆಂದು ಕಂಪನಿಯ ತನಿಖಾಧಿಕಾರಿಗಳೇ ವರ್ಷಗಟ್ಟಲೆ ತಲೆ ಕೆರೆದುಕೊಂಡರು. ಕೊನೆಗೆ ಎರಡೂ ಸ್ವಿಚ್ಚುಗಳನ್ನು ಬಿಚ್ಚಿ ಪಕ್ಕಪಕ್ಕದಲ್ಲಿಟ್ಟು ನೋಡಿದವರು, ಜಾರ್ಜಿಯಾದಲ್ಲಿ ಮಗಳನ್ನು ಕಳೆದುಕೊಂಡ ದಂಪತಿಯ ವಕೀಲರು ಗೊತ್ತುಮಾಡಿದ ತಜ್ಞರು. ಸರ್ಕಾರದ ಹೆದ್ದಾರಿ ಸುರಕ್ಷತಾ ಸಂಸ್ಥೆಯಾದ ಎನ್‌ಎಚ್‌ಟಿಎಸ್‌ಎ ಏನು ಮಾಡುತ್ತಿತ್ತೆಂದು ಕೇಳಬಾರದು. ಅದು ಮಾಲೀಕರ ದೂರುಗಳನ್ನು ಜೋಪಾನವಾಗಿ ಸಂಗ್ರಹಿಸುತ್ತಿತ್ತು, 2007ರಲ್ಲಿ ತನಿಖೆಯ ಪ್ರಸ್ತಾಪ ಬಂದಾಗ ಬೇಡವೆಂದಿತ್ತು.

2014ರ ಫೆಬ್ರವರಿಯಲ್ಲಿ ಆರಂಭವಾದ ರೀಕಾಲ್, ಅಂದರೆ ದೋಷವಿರುವ ಕಾರುಗಳನ್ನು ದುರಸ್ತಿಗೆಂದು ವಾಪಸು ಕರೆಯುವ ಕೆಲಸ, ಬೆಳೆಯುತ್ತ ಬೆಳೆಯುತ್ತ ಸುಮಾರು 26 ಲಕ್ಷ ಕಾರುಗಳನ್ನು ಮುಟ್ಟಿತು. ಆಗ ಮಾಲೀಕರಿಗೆ ಸಿಕ್ಕ ಸಲಹೆ ಏನು? ದುರಸ್ತಿಯಾಗುವವರೆಗೆ ಗೊಂಚಲಿನಿಂದ ಎಲ್ಲವನ್ನೂ ತೆಗೆದು ಬರೀ ಕೀ ಬಳಸಿರಿ. ಸಂತ್ರಸ್ತರಿಗಾಗಿ ಕಂಪನಿ ತೆರೆದ ಪರಿಹಾರ ನಿಧಿ ಕೊನೆಗೆ ಒಪ್ಪಿಕೊಂಡ ಸಾವುಗಳು 124. ಅವರಲ್ಲಿ ಕೆಲವರ ಮನೆಯವರು ನ್ಯಾಯಾಲಯಕ್ಕೆ ಹೋದಾಗ, ಆ ಕಾರುಗಳನ್ನು ತಯಾರಿಸಿದ್ದು 2009ರಲ್ಲಿ ದಿವಾಳಿಯಾದ ಹಳೆಯ ಜನರಲ್ ಮೋಟಾರ್ಸ್, ನಾವು ಹೊಸ ಜನರಲ್ ಮೋಟಾರ್ಸ್ ಎಂಬ ವಾದ ಎದುರಾಯಿತು. ಹೆಸರು ಅದೇ, ಕಾರಿನ ಮೂತಿಯ ಮೇಲಿನ ಲಾಂಛನ ಅದೇ, ಬದಲಾದದ್ದು ಹೊಣೆ ಮಾತ್ರ. ಈ ಪುನರ್ಜನ್ಮವನ್ನು ಪೂರ್ತಿಯಾಗಿ ನಂಬಲು ಮೇಲ್ಮನವಿ ನ್ಯಾಯಾಲಯ 2016ರಲ್ಲಿ ನಿರಾಕರಿಸಿತು.

ಅದೇ ವರ್ಷ ಗ್ರಾಹಕರ ಹಿತ ಕಾಯುವ ಫೆಡರಲ್ ಟ್ರೇಡ್ ಕಮಿಷನ್ ಇನ್ನೊಂದು ವಿಷಯ ಇತ್ಯರ್ಥಪಡಿಸಿತು. ಕಂಪನಿಯ ಪ್ರಮಾಣಪತ್ರ ಹೊತ್ತ ಸೆಕೆಂಡ್ ಹ್ಯಾಂಡ್ ಕಾರುಗಳನ್ನು 172 ಅಂಶಗಳಲ್ಲಿ ಪರೀಕ್ಷಿಸಲಾಗಿದೆ ಎಂದು ಜಾಹೀರಾತು ಸಾರುತ್ತಿತ್ತು, ಆದರೆ ರೀಕಾಲ್ ಆಗಿಯೂ ದುರಸ್ತಿ ಕಾಣದ ಕಾರುಗಳು ಅವುಗಳ ನಡುವೆ ಇದ್ದವು. ಇಗ್ನಿಷನ್ ಸ್ವಿಚ್ಚಿನ ರೀಕಾಲ್ ಕೂಡ ಬಾಕಿಯಿತ್ತು. ಮಾರಬೇಡಿ ಎಂದು ಕಮಿಷನ್ ಹೇಳಲಿಲ್ಲ. ದುರಸ್ತಿಯಾಗದ ರೀಕಾಲ್ ಇರಬಹುದು ಎಂಬ ಸಾಲನ್ನು ಸೇರಿಸಿ ಮಾರಿರಿ ಎಂದಿತು. ಅಮೆರಿಕದ ಕೇಂದ್ರ ಕಾನೂನು ಇಲ್ಲಿ ತುಸು ವಿಚಿತ್ರವಾಗಿದೆ. ರೀಕಾಲ್ ಬಾಕಿಯಿರುವ ಹೊಸ ಕಾರನ್ನು ಡೀಲರು ಮಾರುವಂತಿಲ್ಲ. 35ಕ್ಕಿಂತ ಹೆಚ್ಚು ವಾಹನಗಳುಳ್ಳ ಬಾಡಿಗೆ ಕಂಪನಿ ಅಂಥ ಕಾರನ್ನು ಒಂದು ದಿನದ ಮಟ್ಟಿಗೂ ಬಾಡಿಗೆಗೆ ಕೊಡುವಂತಿಲ್ಲ. ಹಳೆಯದಾಗಿದ್ದರೆ ಮಾತ್ರ ಡೀಲರು ಅದನ್ನು ಶಾಶ್ವತವಾಗಿ ಮಾರಿಬಿಡಬಹುದು. ಆದ್ದರಿಂದ ಎಂ.ಎಸ್. ಓದಲು ಬೆಂಗಳೂರಿನಿಂದ ಡೆಟ್ರಾಯಿಟಿಗೋ ಡಲ್ಲಾಸಿಗೋ ಹೋಗಿ, ಮೊದಲ ಸೆಮಿಸ್ಟರಿನಲ್ಲೇ ಮೂರು ಸಾವಿರ ಡಾಲರಿನ ಹಳೆಯ ಕಾರು ಹುಡುಕುವ ನಮ್ಮ ಹುಡುಗ ಹುಡುಗಿಯರು ಕಾನೂನಿನ ಪೂರ್ಣ ರಕ್ಷಣೆ ಬಯಸುವುದಾದರೆ, ಅದೇ ಕಾರನ್ನು ಯಾವುದಾದರೂ ದೊಡ್ಡ ಕಂಪನಿಯಿಂದ ದಿನಬಾಡಿಗೆಗೆ ಪಡೆದು, ಪ್ರತಿ ಸಂಜೆ ಹಿಂತಿರುಗಿಸಿ, ಮರುದಿನ ಬೆಳಿಗ್ಗೆ ಮತ್ತೆ ಪಡೆಯುತ್ತ ಪದವಿ ಮುಗಿಸುವುದು ಒಳಿತು.