ನಾಜಿಕ್ ಅಲ್-ಮಲಾಯಿಕಾ ಛಂದಸ್ಸನ್ನು ಮುರಿದವರಲ್ಲ

ಇರಾಕಿನ ನಾಜಿಕ್ ಅಲ್-ಮಲಾಯಿಕಾ ಅವರನ್ನು ‘ಅರಬ್ಬಿ ಛಂದಸ್ಸನ್ನು ಮುರಿದ ಕವಯಿತ್ರಿ’ ಎಂದು ಪರಿಚಯಿಸುವುದು ಕಂಡಾಗಲೆಲ್ಲ ನೋವಾಗುತ್ತದೆ. ಅವರು ಮುರಿದದ್ದು ಸಾಲಿನ ಅಳತೆಯನ್ನು. ಗಣವನ್ನು ಅವರಷ್ಟು ಜತನದಿಂದ ಕಾದವರು ಕಡಿಮೆ.

ಹಳೆಯ ಅರಬ್ಬಿ ಪದ್ಯದಲ್ಲಿ ಪ್ರತಿ ಸಾಲಿಗೂ ಎರಡು ಅರ್ಧ, ಗಣಗಳ ಲೆಕ್ಕ ಮೊದಲೇ ನಿಗದಿ, ಕೊನೆಯವರೆಗೂ ಒಂದೇ ಅಂತ್ಯಪ್ರಾಸ. 1947ರಲ್ಲಿ ಈಜಿಪ್ಟಿನಲ್ಲಿ ಕಾಲರಾ ಹಬ್ಬಿದಾಗ ಬಾಗ್ದಾದಿನಲ್ಲಿದ್ದ ನಾಜಿಕ್‌ಗೆ 24 ವರ್ಷ. ಅದರ ಮೇಲೆ ಮೊದಲು ಹಳೆಯ ಕಟ್ಟಿನಲ್ಲೇ ಕವಿತೆ ಬರೆದು ನೋಡಿದರು, ಸಮಾಧಾನವಾಗಲಿಲ್ಲ. ಹೆಣದ ಗಾಡಿ ಎಳೆಯುವ ಕುದುರೆಗಳ ಗೊರಸಿನ ಸದ್ದು ಅವರಿಗೆ ಬೇಕಿತ್ತು. ಖಬಬ್ ಎಂಬ ನಡೆಯ ಗಣವನ್ನು ಉಳಿಸಿಕೊಂಡು, ಸಾಲು ಎಲ್ಲಿ ನಿಲ್ಲಬೇಕೆಂಬುದನ್ನು ಭಾವಕ್ಕೆ ಬಿಟ್ಟರು. ‘ಅಲ್ ಮೌತುಲ್ ಮೌತುಲ್ ಮೌತ್’, ಅಂದರೆ ಸಾವು ಸಾವು ಸಾವು. ಮೂರೇ ಗಣ, ಸಾಲು ಮುಗಿಯಿತು. ಹಳೆಯ ಕ್ರಮದಲ್ಲಾದರೆ ಉಳಿದ ಜಾಗಕ್ಕೆ ಬೇಡದ ಮಾತು ತುರುಕಬೇಕಿತ್ತು.

ತಂದೆ ಅರಬ್ಬಿ ಮೇಷ್ಟ್ರು, ತಾಯಿ ಕವಿ, ತಾವು ಊದ್ ವಾದ್ಯ ಕಲಿತವರು. ಕಿವಿ ಪಳಗಿತ್ತು. 1962ರಲ್ಲಿ ಸಮಕಾಲೀನ ಕಾವ್ಯದ ಬಗ್ಗೆ ಬರೆದ ವಿಮರ್ಶಾಗ್ರಂಥದಲ್ಲಿ ಅವರು ಹಾಕಿದ ಕಟ್ಟುಪಾಡು ನೋಡಿ: ಒಂದೇ ಗಣ ಮರುಕಳಿಸುವ ನಡೆಗಳು ಹೀಗೆ ಸಾಲಿನ ಉದ್ದ ಬದಲಾಗುವ ಮುಕ್ತಪದ್ಯಕ್ಕೆ ಒಗ್ಗುತ್ತವೆ, ಗಣ ಬೆರೆತ ತವೀಲ್‌ನಂಥವು ಒಗ್ಗವು. 5 ಗಣದ, 9 ಗಣದ ಸಾಲು ಕಿವಿಗೆ ಹಿತವಲ್ಲ. ಒಂದು ಪದವನ್ನು ಎರಡು ಸಾಲಿಗೆ ಸೀಳಕೂಡದು. ಹೊಸಬರ ಸಾಲುಗಳು ತಡೆಯಿಲ್ಲದೆ ಹರಿದು, ಕವಿತೆಗೆ ಮುಗಿಯುವುದೇ ಗೊತ್ತಾಗುವುದಿಲ್ಲ ಎಂಬುದೂ ಅವರ ಆಕ್ಷೇಪ. ಗದ್ಯವನ್ನು ತುಂಡರಿಸಿ ಕವಿತೆ ಎಂದರೆ ಅವರು ಒಪ್ಪುತ್ತಿರಲಿಲ್ಲ. ಈ ವಿಷಯದಲ್ಲಿ ಅವರು ಅತಿ ಬಿಗಿಯಾದರು ಎಂದೇ ನನ್ನ ಅನಿಸಿಕೆ.

ಮುಕ್ತಪದ್ಯವನ್ನು ಮೊದಲು ಬರೆದದ್ದು ಅವರೋ ಇರಾಕಿನ ಇನ್ನೊಬ್ಬ ಕವಿ ಬದ್ರ್ ಶಾಕಿರ್ ಅಲ್-ಸಯ್ಯಾಬರೋ ಎಂಬ ಜಗಳ ಇನ್ನೂ ನಡೆದಿದೆ. ಇಬ್ಬರ ಕವಿತೆಯೂ ಬೆಳಕಿಗೆ ಬಂದದ್ದು 1947ರ ಡಿಸೆಂಬರಿನಲ್ಲಿ. ಅದಕ್ಕೂ ಹಿಂದೆ ಇಂಥ ಪದ್ಯಗಳಿದ್ದವೆಂದು ನಾಜಿಕ್ ಅವರೇ ಅದೇ ಪುಸ್ತಕದ ನಂತರದ ಮುದ್ರಣದಲ್ಲಿ ಒಪ್ಪಿಕೊಂಡಿದ್ದಾರೆ.

ಕನ್ನಡದವರ ಕಿವಿಗೆ ಹತ್ತಿರವಾದ ಸಂಗತಿ ಬೇರೆ ಇದೆ. ಖಬಬ್‌ನ ಗಣ ನಮ್ಮ ಲೆಕ್ಕದಲ್ಲಿ 4 ಮಾತ್ರೆ, ಮಂದಾನಿಲ ರಗಳೆಯ ಹಾಗೆ. ಅದರಲ್ಲಿ ಎರಡು ಲಘು ಒಂದು ಗುರು ಬರಬಹುದು, ಅಥವಾ ಎರಡು ಗುರು. ನಾಜಿಕ್ ತಮಗರಿವಿಲ್ಲದೆಯೇ ಒಂದು ಗುರು ಎರಡು ಲಘು ಬಳಸಿದರು. ಅರಬ್ಬಿ ಶಾಸ್ತ್ರಕ್ಕೆ ಅದು ತಪ್ಪು. ಉದ್ದ ಸಮನಾಗಿದೆ, ಕಿವಿ ಒಪ್ಪುತ್ತದೆ ಎಂದು ಅವರು ಸಮರ್ಥಿಸಿಕೊಂಡರು. ಸಗಣದ ಜಾಗದಲ್ಲಿ ಭಗಣ, ಅಷ್ಟೇ. ನಮ್ಮ ರಗಳೆಯಲ್ಲಿ ಅದನ್ನು ಯಾರೂ ತಪ್ಪೆನ್ನುವುದಿಲ್ಲ.